ಆಚೆ ದಡದ ನಿದ್ದೆ

ನಾನು ಈ ಊರಿಗೆ ಸೊಸೆಯಾಗಿ ಬಂದಾಗ ಯಾರೂ ನನಗೆ ಏನನ್ನೂ ಹೇಳಿರಲಿಲ್ಲ. ಹೇಳುವಂಥದ್ದು ಏನಾದರೂ ಇದೆಯೆಂದು ಅವರಿಗೆ ಹೊಳೆದೂ ಇರಲಿಕ್ಕಿಲ್ಲ. ಮದುವೆಯ ಓಡಾಟದಲ್ಲಿ ಮೈ ಹಣ್ಣಾಗಿತ್ತು. ಬಂದ ಮರುದಿನ ಮಧ್ಯಾಹ್ನ ಊಟ ಮುಗಿಸಿ ಒಳಕೋಣೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದೆ. ಕಣ್ಣು ಮುಚ್ಚಿತು, ಉಸಿರು ನಿಧಾನವಾಯಿತು, ಕೈಕಾಲು ಭಾರವಾಗಿ ನೆಲಕ್ಕೆ ಅಂಟಿಕೊಂಡವು. ಮೈ ನಿದ್ದೆ ಹೋಯಿತು. ನಾನು ಹೋಗಲಿಲ್ಲ. ಅತ್ತೆ ಸದ್ದಾಗದಂತೆ ಬಂದು ಹಿತ್ತಾಳೆ ಬೋಗುಣಿ ಇಳಿಸಿಕೊಂಡದ್ದು, ಅಂಗಳದಲ್ಲಿ ಯಾರೋ ಹಪ್ಪಳ ಒಣಗಿದವೇನು ಎಂದು ಕೇಳಿದ್ದು, ನನ್ನದೇ ಗೊರಕೆ, ಎಲ್ಲವೂ ಗೊತ್ತಾಗುತ್ತಿತ್ತು. ಒಂದು ಕನಸು ಬಂದು ಹೋಯಿತು. ಅದು ಹೋದ ಮೇಲೆ ಏನೂ ಇಲ್ಲದ ಹೊತ್ತೊಂದು ಬಂತು. ಅದೂ ಗೊತ್ತಾಗುತ್ತಿತ್ತು.

ಎದ್ದವಳೇ ಬೆವೆತು ಅಡುಗೆಮನೆಗೆ ಹೋಗಿ ಅತ್ತೆಗೆ ಹೇಳಿದೆ. ಅವರು ಬೋಗುಣಿಯಲ್ಲಿ ಹಿಟ್ಟು ನಾದುತ್ತಿದ್ದರು. "ನಿದ್ದಿ ಅಂದ್ರ ಹಂಗಽ ಅಲ್ಲೇನವ್ವಾ?" ಅಂದರು. "ನಿಮ್ಮೂರಾಗ ಹೆಂಗ ಮಲಗತಾರ?"

ನಮ್ಮೂರಿನಲ್ಲಿ, ಅಂದರೆ ಹೊಳೆಯ ಆಚೆ ದಡದ ಎಲ್ಲ ಊರುಗಳಲ್ಲೂ, ಮನುಷ್ಯರು ಮಲಗಿದರೆ ಇಲ್ಲವಾಗುತ್ತಾರೆ. ಈ ಊರಿನಲ್ಲಿ ಯಾರೂ ಇಲ್ಲವಾಗುವುದಿಲ್ಲ. ಸೇತುವೆ ದಾಟಿ ಬಂದು ಇಲ್ಲಿ ತಲೆ ಊರಿದ ಯಾರಿಗಾದರೂ ಸರಿ, ಮೈ ಮಲಗುತ್ತದೆ, ಅರಿವು ಮಲಗುವುದಿಲ್ಲ. ಅದಕ್ಕೆ ತಕ್ಕಂತೆ ಊರಿನ ರೂಢಿಗಳು ಬೆಳೆದಿವೆ. ಮಲಗಿದವರ ಹತ್ತಿರ ಯಾರೂ ಚಾಡಿ ಹೇಳುವುದಿಲ್ಲ. ತೊಟ್ಟಿಲ ಪಕ್ಕದಲ್ಲಿ ಜಗಳ ತೆಗೆಯುವುದಿಲ್ಲ. ಗಂಡ ಮಾತು ಕೇಳದವನಾದರೆ ಹೆಂಡತಿ ಅವನು ಮಲಗುವವರೆಗೆ ಕಾದು, ಹಾಸಿಗೆಯ ಪಕ್ಕ ಕೂತು ಹೇಳಬೇಕಾದ್ದನ್ನೆಲ್ಲ ಹೇಳುತ್ತಾಳೆ. ಆಗ ಅವನು ಎದ್ದು ಹೋಗುವ ಹಾಗಿಲ್ಲ, ನಡುವೆ ಬಾಯಿ ಹಾಕುವ ಹಾಗಿಲ್ಲ. ಉತ್ತರ ಬೆಳಿಗ್ಗೆ ಚಹಾದ ಹೊತ್ತಿಗೆ ಬರುತ್ತದೆ. ಕ್ಷಮೆ ಕೇಳುವವರೂ ಹಾಗೆಯೇ ಮಾಡುತ್ತಾರೆ, ಮುಖ ನೋಡುವ ಕಷ್ಟ ತಪ್ಪುತ್ತದೆ ಎಂದು. ನಿಜವಾದ ಗುಟ್ಟಿದ್ದರೆ ಮಾತ್ರ ಸೇತುವೆಯ ಮೇಲೆ ನಡೆದಾಡುತ್ತ ಮಾತಾಡಿಕೊಳ್ಳುತ್ತಾರೆ.

ಕೇಳಿದವರಿಗೆ ಇದು ದೊಡ್ಡ ವರವೆನ್ನಿಸುತ್ತದೆ. ಬದುಕಿದವರಿಗೆ ಗೊತ್ತು ಅದರ ದಣಿವು. ಮೈಗೆ ವಿಶ್ರಾಂತಿ ಸಿಗುತ್ತದೆ, ಬೆಳಿಗ್ಗೆ ಕಾಲು ನೋವು ಹೋಗಿರುತ್ತದೆ, ಆದರೆ ದಿನ ಅನ್ನುವುದು ಮುಗಿಯುವುದೇ ಇಲ್ಲ. ನನ್ನ ತಾಯಿ ತೀರಿಕೊಂಡಾಗ ಇದು ಚೆನ್ನಾಗಿ ಗೊತ್ತಾಯಿತು. ಬೇರೆ ಕಡೆ ದುಃಖಕ್ಕೂ ನಡುನಡುವೆ ಒಂದು ಬಿಡುವು ಇರುತ್ತದೆ. ಇಲ್ಲಿ ಅದು ಮಲಗಿದ ಮೈಯ ಪಕ್ಕದಲ್ಲೇ ಬೆಳಗಿನವರೆಗೆ ಕೂತಿರುತ್ತದೆ. ಅದಕ್ಕೇ ಏನೋ, ಈ ಊರಿನವರು ಮೆಲ್ಲಗೆ ಮಾತಾಡುತ್ತಾರೆ, ಮೆಲ್ಲಗೆ ನಡೆಯುತ್ತಾರೆ, ದೂರದ ರೈಲು ಪ್ರಯಾಣ ಮಾಡಿ ಇಳಿದವರ ಹಾಗೆ. ತೀರಾ ತಡೆಯದಾದಾಗ "ಆ ಕಡಿ ಹೋಗಿ ಬರತೀನಿ" ಅನ್ನುತ್ತಾರೆ. ಸೇತುವೆಯಾಚೆ, ಆ ದಡದ ಬಸ್ ನಿಲ್ದಾಣದ ಹಿಂದೆ, ಇಂಥವರಿಗೆಂದೇ ಬಾಡಿಗೆಗೆ ಕೋಣೆಗಳಿವೆ. ಒಂದು ಹಾಸಿಗೆ, ಒಂದು ಹೂಜಿ ನೀರು. ಮಲಗಿ, ಇಲ್ಲವಾಗಿ, ಎದ್ದು ಬರುತ್ತಾರೆ. ನಾನು ತವರಿಗೆ ಹೋಗುವ ನೆಪ ಮಾಡಿಕೊಂಡು ಆಗಾಗ ಹೋಗುತ್ತಿದ್ದೆ.

ನನ್ನ ಗಂಡ ಅಂದಾನೆಪ್ಪ ಒಮ್ಮೆಯೂ ಹೋದವರಲ್ಲ. ಈ ಊರಿನಲ್ಲೇ ಹುಟ್ಟಿ, ಇಲ್ಲಿಯ ಕಾಲೇಜಿನಲ್ಲೇ ತತ್ತ್ವಶಾಸ್ತ್ರ ಕಲಿಸುತ್ತಿದ್ದರು. ಎಚ್ಚರ, ಕನಸು, ಗಾಢನಿದ್ದೆ ಎಂಬ ಮೂರು ಅವಸ್ಥೆಗಳ ಪಾಠ ಬಂದಾಗ ಅವರಿಗೆ ಪ್ರತಿವರ್ಷ ಅದೇ ಫಜೀತಿ. ಗಾಢನಿದ್ದೆಯಲ್ಲಿ ಮನುಷ್ಯನಿಗೆ ಏನೂ ತಿಳಿಯುವುದಿಲ್ಲ, ಆದರೂ ತಿಳಿಯದಿರುವುದನ್ನು ಕಂಡ ಸಾಕ್ಷಿಯೊಂದು ಇದ್ದೇ ಇರುತ್ತದೆ ಎಂದು ಹೇಳಿದರೆ, ಹುಡುಗರು ಇದರಲ್ಲಿ ಕಲಿಯಲಿಕ್ಕೆ ಏನಿದೆ ಎಂಬಂತೆ ನೋಡುತ್ತಿದ್ದರು. ಸಾಕ್ಷಿ ಇರುವುದು ಅವರಿಗೆ ದಿನದ ಅನುಭವ. ಅವರಿಗೆ ಅರ್ಥವಾಗದ್ದು "ಏನೂ ತಿಳಿಯುವುದಿಲ್ಲ" ಅನ್ನುವ ಮಾತು. ಅದು ಅವರ ಮೇಷ್ಟರಿಗೂ ಅರ್ಥವಾಗಿರಲಿಲ್ಲ.

ಹಾಗಾಗಿ ನಾನು ತವರಿನಿಂದ ಬಂದಾಗಲೆಲ್ಲ ಒಂದು ಪರೀಕ್ಷೆ ಕಾದಿರುತ್ತಿತ್ತು. ಚೀಲ ಕೆಳಗಿಡುವ ಮೊದಲೇ ಕೇಳುತ್ತಿದ್ದರು.

"ಮಲಗಿದ್ದೇನು?"

"ಹೂಂರಿ."

"ಹೆಂಗಿತ್ತು?"

"ಏನೂ ಇರಲಿಲ್ಲ."

"ಏನೂ ಇರಲಿಲ್ಲ ಅನ್ನೂದು ನಿನಗ ಹೆಂಗ ಗೊತ್ತಾತು, ನೀಲಾ? ನೋಡಿದವರು ಯಾರು?"

"ಯಾರೂ ನೋಡಲಿಲ್ರಿ. ನಾನಽ ಇರಲಿಲ್ಲ. ಆಮ್ಯಾಲ ಎದ್ದೆ."

"ಇರಲಿಲ್ಲ ಅಂದ್ರ ಎದ್ದಾಕಿ ಯಾರು?"

ನನಗೆ ರೇಗುತ್ತಿತ್ತು. ಉತ್ತರ ಗೊತ್ತಿಲ್ಲದ್ದಕ್ಕಲ್ಲ, ಇಷ್ಟು ವರ್ಷ ಅದೇ ಪ್ರಶ್ನೆಯನ್ನು ಅದೇ ಹುರುಪಿನಿಂದ ಕೇಳುವ ಅವರ ಮುಖ ನೋಡಿ. ಬೇಕಾದರೆ ಒಮ್ಮೆ ಬಂದು ಮಲಗಿ ನೋಡಿರಿ ಅಂದರೆ ನಗುತ್ತಿದ್ದರು. ನನ್ನ ತವರಿನ ಮದುವೆ ಮುಂಜಿಗಳಿಗೆಲ್ಲ ಬರುತ್ತಿದ್ದರು. ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು, ಹೊತ್ತು ಮುಳುಗುವ ಮೊದಲೇ ಬಸ್ಸು ಹಿಡಿಯುತ್ತಿದ್ದರು.

ಡಾಕ್ಟರ್ ವಿಭಾ ಕಾಮತ ಈ ಊರಿಗೆ ಬಂದದ್ದು ನಮ್ಮವರು ನಿವೃತ್ತರಾದ ಮೇಲೆ. ಮೆದುಳಿನ ವಿದ್ಯೆ ಕಲಿತ ಹೆಂಗಸು, ದೊಡ್ಡ ಸಂಸ್ಥೆಯೊಂದು ಆಕೆಯನ್ನು ಕಳಿಸಿತ್ತು. ಕಾಲೇಜಿನ ಒಂದು ಕೋಣೆಯಲ್ಲಿ ಮಂಚ ಹಾಕಿಸಿ, ಮಲಗಲು ಒಪ್ಪಿದವರ ತಲೆಗೆ ತಂತಿಗಳ ಟೊಪ್ಪಿಗೆ ತೊಡಿಸಿ, ಪಕ್ಕದಲ್ಲಿ ಕೂತು ಪರದೆಯ ಮೇಲಿನ ಗೆರೆಗಳನ್ನು ನೋಡುತ್ತಿದ್ದಳು. ಗೆರೆಗಳು ಎಲ್ಲ ಊರಿನವರ ನಿದ್ದೆಯ ಗೆರೆಗಳ ಹಾಗೆಯೇ ಇದ್ದವು. ಇವನು ಗಾಢನಿದ್ದೆಯಲ್ಲಿದ್ದಾನೆ, ಇವನಿಗೆ ಏನೂ ತಿಳಿಯುತ್ತಿಲ್ಲ ಎಂದು ಯಂತ್ರ ಖಾತ್ರಿಯಾಗಿ ಹೇಳುತ್ತಿತ್ತು. ಆ ಹೊತ್ತಿನಲ್ಲಿ ಆಕೆ ಮೆಲುದನಿಯಲ್ಲಿ ಏನಾದರೂ ಓದುತ್ತಿದ್ದಳು. ಮಲಗಿದವನು ಎದ್ದು ಕಣ್ಣುಜ್ಜಿಕೊಂಡು, ನೀವು ನಡುವೆ ಒಂದು ಸಾಲು ಬಿಟ್ಟು ಮತ್ತೆ ಹಿಂದಕ್ಕೆ ಹೋಗಿ ಓದಿದಿರಿ ಅನ್ನುತ್ತಿದ್ದ.

ಸಂಜೆ ಆಕೆ ನಮ್ಮ ಮನೆಗೆ ಬರುವ ರೂಢಿಯಾಯಿತು. ನಾನು ಚಹಾ ಮತ್ತು ಒಗ್ಗರಣೆ ಹಚ್ಚಿದ ಚುರುಮುರಿ ಕೊಡುತ್ತಿದ್ದೆ. ಅವರಿಬ್ಬರ ವಾದ ನಡೆಯುತ್ತಿತ್ತು.

"ಸರ್, ಇಲ್ಲಿಯ ನೀರಿನಲ್ಲೋ ಗಾಳಿಯಲ್ಲೋ ಏನೋ ಇದೆ," ಅನ್ನುತ್ತಿದ್ದಳು ಆಕೆ. "ಮೆದುಳಿನ ಯಾವುದೋ ಒಳಮೂಲೆಯನ್ನು ಅದು ಎಚ್ಚರವಾಗಿಡುತ್ತದೆ. ನನ್ನ ತಂತಿಗೆ ಅದು ಇನ್ನೂ ಸಿಕ್ಕಿಲ್ಲ, ಅಷ್ಟೆ."

"ಸಿಕ್ಕರ ಛಲೋ ಆತು. ಸಿಕ್ಕ ಮ್ಯಾಲ ಅದು ನಿಮಗ ಕಾಣಸ್ತದ. ಕಂಡಿದ್ದೆಲ್ಲಾ ನೋಡೂವಂಥಾ ವಸ್ತು ಆತು. ನೋಡೂದು ಬ್ಯಾರೆ ಉಳೀತಲ್ಲ, ಅದಕ್ಕ ತಂತಿ ಎಲ್ಲಿ ಹಚ್ಚತೀರಿ? ತಕ್ಕಡೀನ ಅದಽ ತಕ್ಕಡ್ಯಾಗಿಟ್ಟು ತೂಗು ಅಂದಂಗ ಆತಲ್ರಿ."

"ಇವತ್ತು ತೂಗಲಿಕ್ಕೆ ಬಾರದ್ದು ಎಂದೂ ಬಾರದು ಅಂತ ಈಗಲೇ ಹೇಳಿಬಿಟ್ಟರೆ ನಾನು ಕೆಲಸ ಮಾಡುವುದು ಹೇಗೆ?"

"ಅದೂ ಖರೆ," ಎಂದು ಅವರು ಒಪ್ಪುತ್ತಿದ್ದರು. ಒಪ್ಪುವುದು ಅವರ ಸ್ವಭಾವ.

ಆಕೆಯೂ ಇದೇ ಊರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದಳು. ಆಕೆಯ ಮೈಯೂ ಇಲ್ಲಿಯೇ ಮಲಗುತ್ತಿತ್ತು. ಬಂದಾಗ ತುಂಬಿಕೊಂಡಿದ್ದ ಮುಖ ತಿಂಗಳುಗಳು ಕಳೆದಂತೆ ಇಳಿಯಿತು, ಕಣ್ಣ ಕೆಳಗೆ ಕಪ್ಪು ಬಂತು. ಆ ಕಡೆ ಹೋಗಿ ಬಾ ತಾಯೀ ಅಂದರೆ, ಕೆಲಸದ ನಡುವೆ ಹೋದರೆ ನನ್ನ ಅನುಭವ ಕೆಡುತ್ತದೆ ಅನ್ನುತ್ತಿದ್ದಳು. ಒಂದು ಸಂಜೆ ಆಕೆಯೇ ನಮ್ಮವರಿಗೆ ಕೇಳಿದಳು.

"ಸರ್, ಅರಿವು ಎಲ್ಲಿಯೂ ಹೋಗುವುದಿಲ್ಲ, ಆ ಕಡೆಯವರು ಮರೆಯುತ್ತಾರೆ ಅಷ್ಟೆ ಅಂತ ಹೇಳುತ್ತೀರಲ್ಲ. ಸೇತುವೆ ದಾಟಿ ಒಮ್ಮೆ ಮಲಗಿ ನೋಡಬಹುದಲ್ಲ ನೀವು? ಇದಕ್ಕಿಂತ ಸುಲಭದ ಪ್ರಯೋಗ ಇನ್ನೊಂದಿಲ್ಲ."

ಅವರು ಬಟ್ಟಲಿನಲ್ಲಿ ಉಳಿದ ಚಹಾವನ್ನು ಅಲ್ಲಾಡಿಸುತ್ತ ಕೂತರು. ನೋಡೂಣು ಅಂದರು. ಆಕೆ ಹೋದ ಮೇಲೆ ನಾನು ಲೋಟ ಬಟ್ಟಲು ತೊಳೆಯುತ್ತಿದ್ದಾಗ ಹಿಂದೆ ಬಂದು ನಿಂತರು.

"ನನಗ ಅಂಜಿಕಿ ಐತಿ, ನೀಲಾ," ಅಂದರು. "ಹುಟ್ಟಿದಾಗಿಂದ ನಾ ಎಂದೂ ಇಲ್ಲದಂಗ ಆಗಿಲ್ಲ. ಇಲ್ಲದಂಗ ಆದ್ರ ತಿರುಗಿ ಬರಾಂವ ನಾನಽ ಅಂತ ಹೆಂಗ ಹೇಳೂದು? ಮಂದಿಗೆ ಹೇಳಾಕ ನನಗ ಬರತೈತಿ. ನನಗ ನಾನು ಹೇಳಿಕೊಳ್ಳಾಕ ಬರವಲ್ದು."

ನಾನು ಕೈ ಒರೆಸಿಕೊಂಡು ಅವರ ಕಡೆ ತಿರುಗಿದೆ. "ನಾ ಎಷ್ಟ ಸಲ ಹೋಗಿ ಬಂದಿಲ್ರಿ? ನಾನಽ ಬಂದೀನಲ್ಲ," ಅಂದೆ. ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಅನುಮಾನದಿಂದ ನೋಡಿದರೋ ಪ್ರೀತಿಯಿಂದ ನೋಡಿದರೋ ಇವತ್ತಿಗೂ ನನಗೆ ತಿಳಿಯದು.

ಮುಂದಿನ ಬೇಸಿಗೆಯಲ್ಲಿ ಅವರಿಗೆ ಲಕ್ವಾ ಹೊಡೆಯಿತು. ಬೆಳಿಗ್ಗೆ ಹಿತ್ತಲಿನ ಕನ್ನಡಿಯ ಮುಂದೆ ಗಡ್ಡ ಮಾಡಿಕೊಳ್ಳುತ್ತಿದ್ದವರು ಕೆಳಗೆ ಕುಸಿದರು. ಒಂದು ಕೆನ್ನೆ ನುಣ್ಣಗಾಗಿತ್ತು, ಇನ್ನೊಂದರ ಮೇಲೆ ಸಾಬೂನಿನ ನೊರೆ ಹಾಗೇ ಇತ್ತು. ಊರಿನ ಆಸ್ಪತ್ರೆಯ ಮಂಚದ ಮೇಲೆ ಮಲಗಿಸಿದ ಮೇಲೆ, ಒಣಗಿ ಬಿರಿದ ಆ ನೊರೆಯನ್ನು ನಾನು ಸೆರಗಿನಿಂದ ಒರೆಸಿದೆ. ಉಸಿರು ತಾನಾಗಿಯೇ ನಡೆಯುತ್ತಿತ್ತು. ಮೂಗಿನ ನಳಿಗೆಯಿಂದ ಗಂಜಿ ಕೊಡುತ್ತಿದ್ದರು. ಕಣ್ಣು ತೆರೆಯಲಿಲ್ಲ, ಬೆರಳು ಅಲುಗಲಿಲ್ಲ. ಮೆದುಳಿನಲ್ಲಿ ರಕ್ತ ಹರಡಿದೆ, ಆಪರೇಷನ್ನಿನ ಹೊತ್ತು ದಾಟಿಹೋಗಿದೆ ಎಂದರು ಡಾಕ್ಟರು.

ಊರಿಗೆ ಸುದ್ದಿ ಹೋಯಿತು. ಜನ ಬಂದರು. ಮಲಗಿದವರಿಗೆ ಕೇಳಿಸುತ್ತದೆ ಎಂಬುದು ಇಲ್ಲಿ ಕೂಸಿಗೂ ಗೊತ್ತು, ಹಾಗಾಗಿ ಬಂದವರು ಸುಮ್ಮನೆ ನೋಡಿ ಹೋಗಲಿಲ್ಲ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಮಾತಾಡಿದರು. ಹಳೆಯ ವಿದ್ಯಾರ್ಥಿಗಳು ತಮ್ಮ ನೌಕರಿಯ ಕಥೆ ಹೇಳಿದರು. ಜೊತೆಯಲ್ಲಿ ಕೆಲಸ ಮಾಡಿದ ಗಣಿತದ ಮೇಷ್ಟರು ಬಂದು, ಎಂದೋ ನಡೆದ ಬಡ್ತಿಯ ಜಗಳದಲ್ಲಿ ತಪ್ಪು ಯಾರದು ಎಂದು ಮೊದಲಿನಿಂದ ಕೊನೆಯವರೆಗೆ ವಿವರಿಸಿದರು. ಓಣಿಯ ಹೆಣ್ಣುಮಗಳೊಬ್ಬಳು ದಿನವೂ ಬಂದು ತನ್ನ ಸೊಸೆಯ ಮೇಲಿನ ಸಿಟ್ಟನ್ನೆಲ್ಲ ಅವರ ಕಿವಿಗೆ ಸುರಿದು, ಮನಸ್ಸು ಹಗುರಾತು ಯಪ್ಪಾ ಎಂದು ಕೈ ಮುಗಿದು ಹೋಗುತ್ತಿದ್ದಳು. ಯಾರನ್ನೂ ಬೇಡ ಅನ್ನುವಂತಿರಲಿಲ್ಲ. ಅವರೆಲ್ಲ ಪ್ರೀತಿಯಿಂದಲೇ ಬಂದವರು.

ಡಾಕ್ಟರ್ ವಿಭಾ ತನ್ನ ಟೊಪ್ಪಿಗೆ ತಂದು ನನ್ನ ಒಪ್ಪಿಗೆ ಕೇಳಿ ತೊಡಿಸಿದಳು. ಬಹಳ ಹೊತ್ತು ಪರದೆ ನೋಡಿದಳು. ಆಮೇಲೆ ಹೊರಗಿನ ಬೆಂಚಿಗೆ ಬಂದು ನನ್ನ ಪಕ್ಕ ಕೂತಳು.

"ಎಚ್ಚರದ ಗುರುತು ಒಂದೂ ಇಲ್ಲ, ಅಮ್ಮಾ. ನಿದ್ದೆಯಲ್ಲಿ ಇರುವಷ್ಟು ಕೂಡ ಇಲ್ಲ."

"ನಿಮ್ಮ ಯಂತ್ರ ಇಲ್ಲಿ ಮಲಗಿದವರಿಗೆಲ್ಲಾ ಹಂಗಽ ಹೇಳತೈತಲ್ರಿ. ಅವರಿಗೆ ಎಲ್ಲಾ ಗೊತ್ತಿರತೈತಿ."

"ಹೌದು. ಆದರೆ ಅವರು ಎದ್ದು ಹೇಳುತ್ತಾರೆ. ಹೇಳಬೇಕಾದರೆ ನೆನಪು ಬೇಕು, ನೆನಪಿಗೆ ಮೆದುಳು ಬೇಕು. ಸರ್ ಅವರ ಮೆದುಳಿನಲ್ಲಿ ಆ ಜಾಗವೇ ಉಳಿದಿಲ್ಲ. ಏನನ್ನೂ ಹಿಡಿದಿಡದೆ ಬರೀ ಅರಿವು ಇರಲಿಕ್ಕೆ ಸಾಧ್ಯವೇ ಅಂತ ಕೇಳಿದರೆ..."

"ಅವರ ಪಾಠದಾಗ ಸಾಧ್ಯ ಐತಿ ಅಂತಿದ್ರು. ನೆನಪು ಬ್ಯಾರೆ, ಅರಿವು ಬ್ಯಾರೆ ಅಂತಿದ್ರು."

"ನನ್ನ ಪಾಠದಲ್ಲಿ ಇಲ್ಲ. ಆದರೆ ಇಲ್ಲ ಅಂತ ನಿಮಗೆ ಹೇಳುವಷ್ಟು ಧೈರ್ಯ ಈಗ ನನಗಿಲ್ಲ. ಈ ಊರಿನಲ್ಲಿ ಮಲಗಿ ಎದ್ದಿದ್ದೇನೆ ನಾನು."

ಇಬ್ಬರಿಗೂ ತಿಳಿಯದ್ದು ಒಂದೇ ಆಗಿತ್ತು.

ನನ್ನ ಮೈದುನ ಸಂಗನಬಸು ಆಚೆ ದಡದಲ್ಲಿ ಮನೆ ಮಾಡಿಕೊಂಡವನು. ಇದೇ ಊರಿನಲ್ಲಿ ಹುಟ್ಟಿದರೂ ಪ್ರಾಯ ಬಂದ ಕೂಡಲೇ ಸೇತುವೆ ದಾಟಿ ಹೋಗಿ, ಮಲಗಲಿಕ್ಕೆಂದು ಮತ್ತೆ ಈ ಕಡೆ ಬಾರದವನು. ಅಣ್ಣನನ್ನು ನೋಡಲು ಬಂದವನು ಕಾಲ ಬಳಿ ನಿಂತು ಅತ್ತ. ಆಮೇಲೆ ನನ್ನನ್ನು ಹೊರಗೆ ಕರೆದ.

"ವೈನಿ, ಅಣ್ಣನ್ನ ಆ ಕಡಿ ಒಯ್ಯೂಣು."

"ಔಷಧಿ ಏನೂ ಇಲ್ಲಂತಲ್ಲೋ."

"ಔಷಧಿಗಲ್ಲ. ಇಲ್ಲಿ ಇದ್ರ ಆತಗ ಎಲ್ಲಾ ಗೊತ್ತಾಕ್ಕೋತ ಇರತೈತಿ. ಏಳಾಕ ಆಗಂಗಿಲ್ಲ, ಅನ್ನಾಕ ಆಗಂಗಿಲ್ಲ, ಬರೇ ಗೊತ್ತಾಗೂದು. ಅಲ್ಲಿ ಒಯ್ದ್ರ ಮಲಗತಾನ. ಒಮ್ಮೆರ ಮಲಗಲಿ ವೈನಿ, ಜೀವಮಾನದಾಗ ಒಮ್ಮೆ."

ಈ ಊರಿನ ಎಲ್ಲ ಮನೆಗಳಲ್ಲೂ ಒಂದು ದಿನ ಈ ಮಾತು ಬರುತ್ತದೆ. ಕೊನೆಗಾಲಕ್ಕೆ ಈ ಕಡೆಯೋ ಆ ಕಡೆಯೋ ಎಂದು ಮುದುಕರನ್ನು ಮೊದಲೇ ಕೇಳಿಟ್ಟುಕೊಳ್ಳುತ್ತಾರೆ. ಕೆಲವರು ಕಣ್ಣು ತೆರೆದೇ ಹೋಗುತ್ತೇನೆ, ಇಲ್ಲಿಯೇ ಇರಲಿ ಅನ್ನುತ್ತಾರೆ. ಕೆಲವರು ಸಾಕು, ದಾಟಿಸಿಬಿಡಿ ಅನ್ನುತ್ತಾರೆ. ನಾವು ಕೇಳಿಕೊಂಡಿರಲಿಲ್ಲ. ಅವರ ಅಂಜಿಕೆ ನನಗೊಬ್ಬಳಿಗೇ ಗೊತ್ತಿತ್ತು. ಸಂಗುವಿಗೆ ಅದನ್ನು ಹೇಳಲಿಲ್ಲ. ಬೇಡ ಅಂದೆ.

ಬೇಡ ಅಂದ ಮೇಲೆ ನಾನು ಅವರ ಪಕ್ಕದಲ್ಲೇ ಉಳಿದೆ. ಮಾತಾಡಿದೆ. ಕೇಳುತ್ತಿದ್ದಾರೆ ಎಂದುಕೊಂಡು ಮಾತಾಡುವುದು ಒಂದೆರಡು ದಿನಕ್ಕೆ ಸುಲಭ. ಆಮೇಲೆ ಮಾತು ಮುಗಿಯುತ್ತದೆ. ಮಾತು ಮುಗಿದ ಮೇಲೆ ಅವರು ನನ್ನ ಸುಮ್ಮನಿರುವಿಕೆಯನ್ನು ಕೇಳುತ್ತಿದ್ದಾರೆ ಅನ್ನಿಸುತ್ತದೆ. ಸ್ಟೂಲಿನ ಮೇಲೆ ಕೂತಲ್ಲೇ ನನ್ನ ಮೈ ತೂಕಡಿಸುತ್ತಿತ್ತು, ತೂಕಡಿಸುವ ಮೈಯನ್ನು ನಾನು ನೋಡುತ್ತಿದ್ದೆ, ಅವರು ಇಬ್ಬರನ್ನೂ ನೋಡುತ್ತಿರಬಹುದು. ಸೊಸೆಯ ಮೇಲಿನ ಸಿಟ್ಟಿನ ಹೆಣ್ಣುಮಗಳು ಮತ್ತೆ ಬಂದಳು. ಅವಳು ಹೇಳುವುದೆಲ್ಲ ನಿನ್ನೆಯದೇ ಆಗಿತ್ತು, ಮೊನ್ನೆಯದೇ ಆಗಿತ್ತು. ನಾನು ಅವರ ಮುಖ ನೋಡಿದೆ. ಮುಖದಲ್ಲಿ ಏನೂ ಇರಲಿಲ್ಲ. ಬೇಸರ ಕೂಡ ಇರಲಿಲ್ಲ. ಬೇಸರಪಡಲಿಕ್ಕೂ ಒಂದು ಸ್ನಾಯು ಬೇಕಾಗುತ್ತದೆ, ಅದೂ ಅವರಿಗೆ ಉಳಿದಿರಲಿಲ್ಲ. ಇದು ಅವರು ಪಾಠ ಹೇಳುತ್ತಿದ್ದ ಸಾಕ್ಷಿಯೇ ಹೌದಾದರೆ, ಪುಸ್ತಕದಲ್ಲಿ ಅದರ ದಣಿವಿನ ಬಗ್ಗೆ ಯಾಕೆ ಒಂದು ಮಾತೂ ಇಲ್ಲ? ಸಾಕ್ಷಿಗೆ ದಣಿವಿಲ್ಲ, ದಣಿಯುವುದು ಮನಸ್ಸು ಅನ್ನುತ್ತಿದ್ದರು ಅವರು. ಇರಬಹುದು. ನನಗೆ ಆಗ ಎರಡನ್ನೂ ಬೇರೆ ಮಾಡಿ ನೋಡುವ ತ್ರಾಣ ಇರಲಿಲ್ಲ.

ಆ ಹೆಣ್ಣುಮಗಳು ಎದ್ದು ಹೋದ ಮೇಲೆ ನಾನು ಬಾಗಿಲು ಮುಂದೆ ಮಾಡಿ, ಅವರ ಕಿವಿಯ ಹತ್ತಿರ ಬಗ್ಗಿದೆ.

"ರೀ, ನಾ ನಿಮ್ಮನ್ನ ಆ ಕಡಿ ಕರಕೊಂಡು ಹೊಂಟೀನಿ," ಅಂದೆ. "ನಿಮಗ ಅಂಜಿಕಿ ಅಂತ ಗೊತ್ತೈತಿ. ನನಗ ಕೇಳಾಕ ಬರಂಗಿಲ್ಲ, ನಿಮಗ ಹೇಳಾಕ ಬರಂಗಿಲ್ಲ, ಅದಕ್ಕ ನಾನಽ ನಿಶ್ಚಯ ಮಾಡೀನಿ. ತಪ್ಪಾದ್ರ ತಪ್ಪು ನಂದು. ನೀವೊಬ್ಬರಽ ಹೋಗಬ್ಯಾಡ್ರಿ, ನಾನೂ ಅಲ್ಲೇ ನಿಮ್ಮ ಬಾಜೂಕ ಮಲಗತೀನಿ. ನಾ ಕಂಡ ಜಾಗಾ ಅದು. ಅಲ್ಲಿ ನನಗ ಎಂದೂ ಏನೂ ಕೆಟ್ಟದ್ದಾಗಿಲ್ಲ."

ಅವರ ಉಸಿರು ಹೇಗಿತ್ತೋ ಹಾಗೇ ಇತ್ತು.

ಮರುದಿನ ಬೆಳಿಗ್ಗೆ ಆಂಬುಲೆನ್ಸ್ ಬಂತು. ಸಂಗು ಮುಂದೆ ಕೂತ. ಡಾಕ್ಟರ್ ವಿಭಾ ನಮ್ಮ ಜೊತೆ ಹಿಂದೆ ಹತ್ತಿದಳು, ಟೊಪ್ಪಿಗೆಯನ್ನೂ ಯಂತ್ರವನ್ನೂ ತಂದಿದ್ದಳು. ಹಿಂದೆಯೂ ಆಕೆ ಮಲಗಿದವರಿಗೆ ಟೊಪ್ಪಿಗೆ ತೊಡಿಸಿ ಜೀಪಿನಲ್ಲಿ ಸೇತುವೆ ದಾಟಿಸಿದ್ದಳಂತೆ. ನಡು ಸೇತುವೆಯಲ್ಲಿ ಎಲ್ಲ ಕತ್ತರಿಸಿದ ಹಾಗಾಯಿತು ಎಂದು ಎದ್ದವರು ಹೇಳಿದ್ದರು. ಗೆರೆಗಳಲ್ಲಿ ಮಾತ್ರ ಒಂದು ಎಳೆಯೂ ಕದಲಿರಲಿಲ್ಲ. ಈ ಸಲ ಏನಾದರೂ ಕಾಣಬಹುದೇ ಎಂದು ಆಕೆಗೆ ಆಸೆ. ಕೇಳಲು ಸಂಕೋಚಪಟ್ಟಳು. ತೊಡಸರೆವ್ವಾ, ಅವರಿದ್ದಿದ್ರ ಅವರಽ ತಲಿ ಕೊಡತಿದ್ರು ಅಂದೆ.

ಸೇತುವೆಯ ಕೆಳಗೆ ಹೊಳೆ ಬತ್ತಿ ಅಲ್ಲಲ್ಲಿ ಮಡುಗಳು ಉಳಿದಿದ್ದವು. ಒಬ್ಬ ಅಗಸರವನು ಬಂಡೆಯ ಮೇಲೆ ಬಿಳಿ ಬಟ್ಟೆ ಹರಡುತ್ತಿದ್ದ. ನಾನು ಅವರ ಬಲಗೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಈಗ, ಈಗ ಎಂದು ನೋಡುತ್ತಿದ್ದೆ. ಕೈ ಬಿಸಿಯಾಗಿಯೇ ಇತ್ತು. ಆಂಬುಲೆನ್ಸ್ ಆಚೆ ದಡ ಮುಟ್ಟಿ ಎಡಕ್ಕೆ ತಿರುಗಿತು.

"ಏನರ ಕಂಡತೇನ್ರಿ?"

ಆಕೆ ತಲೆಯಾಡಿಸಿದಳು. "ಏನೂ ಬದಲಾಗಲಿಲ್ಲ. ನಿಮಗೆ?"

"ನನಗೂ ಏನೂ ತಿಳೀಲಿಲ್ಲ."

ಆಕೆ ಯಂತ್ರ ಆರಿಸಿ, ಒಂದೊಂದೇ ತಂತಿ ಬಿಡಿಸಿ, ಅವರ ಹಣೆಗೆ ಅಂಟಿದ ಅಂಟನ್ನು ಹತ್ತಿಯಿಂದ ಒರೆಸಿದಳು. ಬಹಳ ಮೆತ್ತಗೆ ಒರೆಸಿದಳು. ಆಮೇಲೆ ಮತ್ತೆ ಟೊಪ್ಪಿಗೆಯನ್ನು ಅವರಿಗೆ ತೊಡಿಸಲಿಲ್ಲ.

ಆ ಕಡೆಯ ಆಸ್ಪತ್ರೆಯಲ್ಲಿ ಯಾರೂ ಅವರ ಜೊತೆ ಮಾತಾಡಲಿಲ್ಲ. ಅಲ್ಲಿ ಹಾಗೆ ರೂಢಿಯಿಲ್ಲ. ನರ್ಸುಗಳು ಅವರ ಮೈ ಮೇಲೆಯೇ ಕೈ ಚಾಚಿ ತಮ್ಮ ಮನೆಯ ಮಾತು ಆಡಿಕೊಂಡರು. ಮೊದಲು ನನಗೆ ಕಸಿವಿಸಿಯಾಯಿತು, ಆಮೇಲೆ ಹಿತವೆನಿಸಿತು. ಕಿಟಕಿಯಾಚೆ ಬೇವಿನ ಮರವಿತ್ತು. ಸಂಗುವಿನ ಹೆಂಡತಿ ಡಬ್ಬಿಯಲ್ಲಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ಕಳಿಸಿದ್ದಳು. ಉಂಡೆ. ಸಂಗು ಔಷಧಿ ತರಲು ಹೋದ. ಅವರ ಮಂಚಕ್ಕೆ ತಾಗಿಸಿ ಹಾಕಿದ್ದ ಬೆಂಚಿನ ಮೇಲೆ ಕಾಲು ಚಾಚಿ, ಒಂದು ಕೈಯನ್ನು ಅವರ ಹೊದಿಕೆಯ ಮೇಲಿಟ್ಟು ಮಲಗಿದೆ. ಹೇಳಿದಂತೆ ಮಾಡಬೇಕು ಎಂದು ಮಲಗಿದ್ದೇನೂ ಅಲ್ಲ. ಮೈ ತಡೆಯಲಿಲ್ಲ. ಎಷ್ಟೋ ವಾರಗಳ ಮೇಲೆ ನಾನು ಇಲ್ಲವಾದೆ.

ಎಚ್ಚರವಾಯಿತು ಅನ್ನುವುದಕ್ಕಿಂತ ಸ್ವಲ್ಪ ಮೊದಲಿನದನ್ನು ನಾನು ಹೇಳಬೇಕು. ಕಣ್ಣು ಇನ್ನೂ ತೆರೆದಿರಲಿಲ್ಲ. ನಾನು ಯಾರು, ಎಲ್ಲಿದ್ದೇನೆ ಎಂಬುದು ಇನ್ನೂ ಬಂದಿರಲಿಲ್ಲ. ನೀಲಗಂಗಾ ಅನ್ನುವ ಹೆಸರು ಬಂದಿರಲಿಲ್ಲ, ಗಂಡನಿದ್ದಾನೆ, ಅವನಿಗೆ ಹೀಗಾಗಿದೆ ಎಂಬ ಸುದ್ದಿ ಬಂದಿರಲಿಲ್ಲ. ಅದೇನೂ ಬಾರದ ಆ ಹೊತ್ತಿನಲ್ಲಿ ಒಂದು ಸುಖವಿತ್ತು. ಯಾರ ಸುಖ ಎಂದು ಹೇಳಲಿಕ್ಕೆ ಅಲ್ಲಿ ಯಾರೂ ಇರಲಿಲ್ಲ. ಅದು ಆಗ ಹುಟ್ಟಿದ್ದೂ ಅಲ್ಲ, ಮೊದಲಿನಿಂದ ಇದ್ದದ್ದು. ನಿದ್ದೆಯುದ್ದಕ್ಕೂ ಇದ್ದದ್ದು. ಇಷ್ಟು ವರ್ಷ ಎದ್ದ ಕೂಡಲೇ ಹೆಸರು, ಮನೆ, ಬಸ್ಸಿನ ಹೊತ್ತು ಎಂದು ಹಿಡಿದುಕೊಳ್ಳುವ ಅವಸರದಲ್ಲಿ ನಾನು ಅದನ್ನು ದಾಟಿ ಬಂದುಬಿಡುತ್ತಿದ್ದೆ. ಏನೂ ಇರಲಿಲ್ಲ ಎಂದು ಅವರಿಗೆ ಹೇಳುತ್ತಿದ್ದೆ.

ಭುಜದ ಮೇಲೆ ನರ್ಸಿನ ಕೈ ಇತ್ತು. "ಅಜ್ಜೀ, ಏಳ್ರಿ," ಅನ್ನುತ್ತಿದ್ದಳು. ಹೆಸರು ಬಂತು, ಬೆಂಚು ಬಂತು, ಬೇವಿನ ಮರ ಬಂತು. ಆಮೇಲೆ ಅವರು ಬಂದರು. ನನ್ನ ಕೈ ಅವರ ಹೊದಿಕೆಯ ಮೇಲೆಯೇ ಇತ್ತು. ಅದರ ಕೆಳಗೆ ಉಸಿರು ಇರಲಿಲ್ಲ. ಯಾವಾಗ ಹೋದರೆಂದು ನರ್ಸಿಗೂ ಗೊತ್ತಿರಲಿಲ್ಲ. ಆಕೆ ಬಂದು ನೋಡಿದಾಗ ಇಬ್ಬರೂ ಮಲಗಿದ್ದೆವಂತೆ, ಮೊದಲು ಯಾರನ್ನು ಎಬ್ಬಿಸಬೇಕೋ ತಿಳಿಯಲಿಲ್ಲವಂತೆ.

ಊರಿಗೆ ತಂದು ಮಣ್ಣು ಮಾಡಿದೆವು. ಬಂದ ಹೆಂಗಸರೆಲ್ಲ ಒಂದೇ ಪ್ರಶ್ನೆ ಕೇಳಿದರು, ಜೀವ ಹೋದದ್ದು ಈ ಕಡೆಯೋ ಆ ಕಡೆಯೋ ಎಂದು. ಆ ಕಡೆ ಹೋದರೆಂದು ಕೇಳಿ ಕೆಲವರು ಪುಣ್ಯವಂತ ಅಂದರು, ಕೆಲವರು ಛೇ ಅಂದರು. ನಾನು ಆ ಹೊತ್ತಿಗೆ ಮಲಗಿದ್ದೆ ಎಂಬುದನ್ನು ಮಾತ್ರ ಯಾರಿಗೂ ನುಂಗಲಾಗಲಿಲ್ಲ. ಈ ಊರಿನಲ್ಲಿ ಯಾರೂ ನೋಡದೆ ಯಾರೂ ಹೋಗುವುದಿಲ್ಲ. ನಮ್ಮ ನಾದಿನಿಯೊಬ್ಬಳು ಎಲ್ಲರ ಎದುರಿಗೇ ಅಂದಳು, "ಅಷ್ಟು ಓದಿದ ಮನಷ್ಯಾ, ಹೋಗೂದನ್ನ ತಾನೂ ನೋಡಲಿಲ್ಲ, ಹೇಂತೀನೂ ನೋಡಲಿಲ್ಲ." ನಾನು ಕೊಡಬಹುದಾದ ಉತ್ತರ ಕೇಳಬೇಕಾದವರು ಬೇರೆ ಇದ್ದರು.

ಡಾಕ್ಟರ್ ವಿಭಾ ಊರು ಬಿಡುವ ದಿನ ನಾನು ಈ ಊರಿನ ಬಸ್ ನಿಲ್ದಾಣಕ್ಕೆ ಹೋದೆ. ಕೊಟ್ಟ ಕಾಲ ಮುಗಿದಿತ್ತು ಆಕೆಯದು. ಯಂತ್ರಗಳು ಮೊದಲೇ ಲಾರಿಯಲ್ಲಿ ಹೋಗಿದ್ದವು. ಒಂದು ಚೀಲ ಹಿಡಿದು ಕಲ್ಲಿನ ಕಟ್ಟೆಯ ಮೇಲೆ ಕೂತಿದ್ದಳು.

"ಏನು ಸಿಕ್ಕಿತು ಅಂತ ಅಲ್ಲಿ ಕೇಳುತ್ತಾರೆ," ಅಂದಳು.

"ಏನಂತೀರಿ?"

"ಯಂತ್ರಕ್ಕೆ ಏನೂ ಸಿಗಲಿಲ್ಲ ಅಂತ. ಅದು ಸುಳ್ಳಲ್ಲ. ನಿನಗೆ ಏನು ಗೊತ್ತಾಯಿತು ಅಂತ ಅವರು ಕೇಳುವುದಿಲ್ಲ. ನಾನು ಹೇಳಿದರೂ ಅದು ಲೆಕ್ಕಕ್ಕೆ ಬರುವುದಿಲ್ಲ. ಅವರ ತಪ್ಪೂ ಅಲ್ಲ ಅದು, ಅವರ ಜಾಗದಲ್ಲಿ ನಾನು ಕೂತಿದ್ದರೂ ಹಾಗೇ ಮಾಡುತ್ತಿದ್ದೆ." ಆಮೇಲೆ ಕೇಳಿದಳು, "ಅಮ್ಮಾ, ಆ ಮಧ್ಯಾಹ್ನ ನಿಮಗೆ ಏನಾದರೂ..."

ನಾನು ಆಕೆಗೆ ಹೇಳಿದೆ. ಹೆಸರು ಬರುವ ಮೊದಲಿನ ಆ ಸುಖದ ಬಗ್ಗೆ, ನನಗೆ ಬಂದ ಮಾತುಗಳಲ್ಲಿ. ಹೇಳುವಾಗ ಅದು ಸಣ್ಣದಾಗಿ ಕೇಳಿಸಿತು, ಒಳ್ಳೆಯ ನಿದ್ದೆ ಬಂತು ಎಂದು ಯಾರಾದರೂ ಹೇಳುವಷ್ಟೇ.

"ಅದೇ ಹೊತ್ತಿನಲ್ಲಿ ಅವರು ಹೋದರು," ಅಂದಳು ಕೊನೆಗೆ.

"ಹೂಂ. ನಾನೂ ಇರಲಿಲ್ಲ, ಅವರೂ ಇರಲಿಲ್ಲ. ಇಬ್ಬರೂ ಇಲ್ಲದ ಜಾಗಾ ಎರಡು ಹೆಂಗಾದಾವು, ಹೇಳ್ರಿ? ಅದು ಒಂದಽ ಇರಬೇಕು. ಹಂಗಂದ್ಕೊಂಡು ನಾ ಸುಮ್ಮಕಿದ್ದೀನಿ."

"ಅಂದರೆ ಅವರು ಹೇಳುತ್ತಿದ್ದದ್ದೇ ಸರಿ ಅನ್ನುತ್ತೀರಾ?"

"ನನಗ ಗೊತ್ತಿಲ್ರಿ. ವಾದ ಮಾಡಾಕ ಅವರು ಬೇಕಾಗಿತ್ತು."

ಆಕೆ ನಕ್ಕಳು, ಕಣ್ಣು ಒರೆಸಿಕೊಂಡಳು. ಬಸ್ಸು ಬಂತು. ನಾನು ಅವಲಕ್ಕಿಯ ಪೊಟ್ಟಣ ಆಕೆಯ ಚೀಲದೊಳಗೆ ತುರುಕಿದೆ. ಆಕೆ ಬಗ್ಗಿ ನನ್ನ ಕಾಲು ಮುಟ್ಟಿ, ಹತ್ತಿ ಹೋಗಿ ಕಿಟಕಿಯ ಪಕ್ಕ ಕೂತಳು. ಕಂಡಕ್ಟರ ಟಿಕೆಟ್ಟು ಹರಿದುಕೊಟ್ಟು ಹಿಂದೆ ಸರಿಯುವಷ್ಟರಲ್ಲಿ ಆಕೆಯ ತಲೆ ಕಿಟಕಿಯ ಸರಳಿಗೆ ಒರಗಿತ್ತು. ಬಂದ ದಿನದಿಂದ ಒಮ್ಮೆಯೂ ದಾಟಿ ಮಲಗಿದವಳಲ್ಲ. ಬಸ್ಸು ಹೊರಟಾಗ ಬಾಯಿ ಸ್ವಲ್ಪ ತೆರೆದು, ಮೈ ಪೂರ್ತಿ ನಿದ್ದೆ ಹೋಗಿತ್ತು.

ನಿಲ್ದಾಣದಿಂದ ಸೇತುವೆಯವರೆಗೆ ರಸ್ತೆ ನೇರವಾಗಿದೆ. ನಾನು ಕಟ್ಟೆಯ ಬಳಿಯೇ ನಿಂತೆ. ಈಗ ಆಕೆಗೆ ಗಾಲಿಯ ಸದ್ದು ಗೊತ್ತಾಗುತ್ತಿರುತ್ತದೆ, ಹಿಂದಿನ ಸೀಟಿನವರ ಮಾತು, ಸರಳಿಗೆ ತಾಗುವ ತನ್ನ ಹಣೆ. ಬಸ್ಸು ಸೇತುವೆ ಹತ್ತಿತು. ಅಲ್ಲಿ ಅದು ಯಾವಾಗಲೂ ನಿಧಾನ. ನಡುವಿನ ಕಂಬ ದಾಟಿತು, ಆಚೆ ದಡ ಮುಟ್ಟಿತು, ಧೂಳೆಬ್ಬಿಸಿಕೊಂಡು ಎಡಕ್ಕೆ ತಿರುಗಿತು.

ಮಲಗವ್ವಾ, ಅಂದೆ.